ನಿಮಗಿದು ಗೊತ್ತೆ? ಬಹುಮಾನ ಕೊಟ್ಟರೆ ಮಕ್ಕಳು ಓದುತ್ತಾರೆಯೇ?

ಕೆಂಗೇರಿಯ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುವ ಮಗು ಒಂದು ಪರೀಕ್ಷೆ ಗೆದ್ದರೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಪಡೆಯಬಹುದು. ಅದೇ ಎನ್‌ಎಂಎಂಎಸ್. ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ, ಒಟ್ಟು 48,000. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಬುದ್ಧಿಸಾಮರ್ಥ್ಯಕ್ಕೊಂದು, ಪಾಠಕ್ಕೊಂದು ಪತ್ರಿಕೆ. ತಲಾ 90 ಪ್ರಶ್ನೆ. ಗೆದ್ದ ಮೇಲೂ ಮೈಮರೆಯುವಂತಿಲ್ಲ: ಒಂಬತ್ತನೇ ತರಗತಿಯನ್ನು ಮೊದಲ ಯತ್ನದಲ್ಲೇ ಪಾಸಾಗಬೇಕು, ಎಸ್ಸೆಸ್ಸೆಲ್ಸಿಯಲ್ಲಿ ಸಾಮಾನ್ಯವಾಗಿ ಶೇ 60 ಅಂಕ ಬೇಕು.

ಆದರೆ ಎಲ್ಲ ಬಹುಮಾನವೂ ಫಲಿಸುವುದಿಲ್ಲ. 1973ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ಯಾನ್‌ಫರ್ಡ್ ಪ್ರಯೋಗವೊಂದರಲ್ಲಿ, ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಎಲ್ಲ ಇದ್ದ ಪತ್ರ! ಒಂದೆರಡು ವಾರದ ಬಳಿಕ ನೋಡಿದರೆ ಆ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರದರ ಅರ್ಧದಷ್ಟು. ಹೇಳದೆಯೇ ಪತ್ರ ಪಡೆದವರ ಉತ್ಸಾಹಕ್ಕೆ ಮಾತ್ರ ಏನೂ ಆಗಿರಲಿಲ್ಲ. ಹೋಂವರ್ಕ್‌ಗೆಲ್ಲ ಚಾಕೊಲೇಟ್ ಆಸೆ ತೋರಿಸುವ ಅಪ್ಪ–ಅಮ್ಮ ಗಮನಿಸಲಿ.

ಮನೆಯಲ್ಲಿ ಎಂಟನೇ ತರಗತಿಯ ಮಗುವಿದ್ದರೆ, ಎನ್‌ಎಂಎಂಎಸ್ ಅರ್ಜಿಯ ಬಗ್ಗೆ ಮುಖ್ಯ ಶಿಕ್ಷಕರನ್ನು ಈಗಲೇ ವಿಚಾರಿಸಿ.