ನೇತ್ರ ಸಂರಕ್ಷಣೆ: ಕಾಲಕಾಲದ ತಪಾಸಣೆ, ನಿತ್ಯದ ಎಚ್ಚರ

ಪ್ರತಿದಿನ ಬೆಳಗ್ಗೆ ಕಲ್ಯಾಣ, ಡೊಂಬಿವಲಿ, ಥಾಣೆಗಳಿಂದ ಮುಂಬಯಿಯತ್ತ ಹೊರಡುವ ಲೋಕಲ್ ರೈಲಿನಲ್ಲಿ ಸಾವಿರಾರು ಮಂದಿ ಒತ್ತೊತ್ತಾಗಿ ನಿಂತು ಪ್ರಯಾಣ ಮಾಡುತ್ತಾರೆ. ಅಷ್ಟೂ ಮಂದಿಯ ಪ್ರಾಣ ಮುಂದಿನ ಕೋಣೆಯಲ್ಲಿ ಕುಳಿತಿರುವ ಮೋಟರ್‌ಮನ್ನನ ಎರಡು ಕಣ್ಣುಗಳನ್ನು ನಂಬಿರುತ್ತದೆ. ರೈಲ್ವೆ ಆಡಳಿತವು ಆ ಕಣ್ಣುಗಳನ್ನು ಅದೃಷ್ಟಕ್ಕೆ ಬಿಟ್ಟಿಲ್ಲ. ಕೆಲಸಕ್ಕೆ ಸೇರುವಾಗ ದೃಷ್ಟಿಯ ತೀಕ್ಷ್ಣತೆ ಮತ್ತು ಬಣ್ಣ ಗುರುತಿಸುವ ಶಕ್ತಿಯ ಕಟ್ಟುನಿಟ್ಟಾದ ಪರೀಕ್ಷೆ. ಆಮೇಲೆ ನಿವೃತ್ತಿಯವರೆಗೂ ಗೊತ್ತಾದ ಅವಧಿಗೊಮ್ಮೆ ಮರುಪರೀಕ್ಷೆ. ವಯಸ್ಸು ಏರಿದಂತೆ ಆ ಅವಧಿಯೂ ಕಿರಿದಾಗುತ್ತದೆ. “ನನಗೆ ಚೆನ್ನಾಗಿ ಕಾಣುತ್ತಿದೆ” ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಅದೇ ಗಾಡಿಯ ಹಿಂದಿನ ಡಬ್ಬಿಗಳಲ್ಲಿ ಪ್ರಯಾಣಿಸುವವರ ವಿಷಯ ಬೇರೆ. ಬ್ಯಾಂಕಿನ ಗುಮಾಸ್ತರು, ಹೋಟೆಲಿನ ವ್ಯವಸ್ಥಾಪಕರು, ಶಾಲೆಯ ಅಧ್ಯಾಪಕಿಯರು, ಕಾರ್ಖಾನೆಯ ನೌಕರರು—ಇವರಲ್ಲಿ ಎಷ್ಟು ಮಂದಿ ಕಳೆದ ಎರಡು ವರ್ಷಗಳಲ್ಲಿ ನೇತ್ರವೈದ್ಯರ ಮುಂದೆ ಕುಳಿತಿದ್ದಾರೆ? ಕನ್ನಡಕದ ಅಂಗಡಿಗೆ ಹೋಗಿ ನಂಬರು ಬದಲಿಸಿಕೊಂಡು ಬಂದರೆ ಕಣ್ಣಿನ ತಪಾಸಣೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಈ ಭಾವನೆ ಅಪಾಯಕಾರಿ. ಕಾರಣವನ್ನು ಅರಿಯಬೇಕಾದರೆ, ಹೋದರೂ ಮರಳಿ ಬರುವ ದೃಷ್ಟಿ ಯಾವುದು, ಎಂದೆಂದಿಗೂ ಮರಳದ ದೃಷ್ಟಿ ಯಾವುದು ಎಂಬ ಭೇದವನ್ನು ತಿಳಿಯಬೇಕು.

ಮರಳುವ ದೃಷ್ಟಿ

ಕಣ್ಣಿನೊಳಗಿನ ಮಸೂರವು ವಯಸ್ಸಾದಂತೆ ಮಬ್ಬಾಗುವುದೇ ಪೊರೆ. ನಮ್ಮ ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ವರ್ಷ ದಾಟಿದವರ ಅಂಧತ್ವದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಪೊರೆಯೇ ಕಾರಣ. ಇದು ಶಸ್ತ್ರಚಿಕಿತ್ಸೆಯಿಂದ ನಿವಾರಣೆಯಾಗುವಂಥದು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ತೆರಳಿ ಶಿಬಿರಗಳನ್ನು ನಡೆಸಿ, ಅಸಂಖ್ಯ ಬಡವರ ಪೊರೆಯನ್ನು ತೆಗೆದು ಬೆಳಕು ನೀಡಿದುದನ್ನು ಹಿರಿಯ ಕನ್ನಡಿಗರು ಇಂದಿಗೂ ಸ್ಮರಿಸುತ್ತಾರೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಯಾದವರು ದಪ್ಪ ಗಾಜಿನ ಕನ್ನಡಕ ಧರಿಸಬೇಕಾಗಿತ್ತು. ಈಗ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸುತ್ತಾರೆ. ರೋಗಿ ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳುತ್ತಾನೆ. ಪೊರೆ ಪೂರ್ತಿ “ಹಣ್ಣಾಗಲಿ” ಎಂದು ಕಾಯುವ ಅಗತ್ಯ ಇಂದಿಲ್ಲ. ಹನಿ ಔಷಧದಿಂದ ಪೊರೆ ಕರಗುವುದೆಂಬ ಮಾತೂ ನಿಜವಲ್ಲ.

ಮರಳದ ದೃಷ್ಟಿ

ಗ್ಲಾಕೋಮಾದ ಪರಿ ಬೇರೆ. ಕಣ್ಣಿನೊಳಗೆ ಒಂದು ದ್ರವ ಸದಾ ಉತ್ಪತ್ತಿಯಾಗಿ ಹೊರಗೆ ಹರಿದುಹೋಗುತ್ತಿರುತ್ತದೆ. ಹೊರಹರಿವಿಗೆ ತಡೆಯುಂಟಾದಾಗ ಕಣ್ಣಿನ ಒತ್ತಡ ಏರಿ, ಮೆದುಳಿಗೆ ಸಂದೇಶ ಒಯ್ಯುವ ನರವು ಕ್ರಮೇಣ ಸವೆಯುತ್ತದೆ. ಸಾಧಾರಣ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರುಗಳಷ್ಟು. ಕೆಲವರಲ್ಲಿ ಒತ್ತಡ ಈ ಮಿತಿಯಲ್ಲಿದ್ದರೂ ನರ ಸವೆಯುವುದುಂಟು. ಆದ್ದರಿಂದ ಒತ್ತಡವನ್ನು ಅಳೆಯುವುದರ ಜೊತೆಗೆ ನರವನ್ನೂ ನೋಡಬೇಕು.

ಈ ರೋಗದ ಕಪಟವೆಂದರೆ, ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ಮಾಯವಾಗುವುದು ಪಕ್ಕದ ನೋಟ. ನೇರ ನೋಟ ಕೊನೆಯವರೆಗೂ ಉಳಿದಿರುವುದರಿಂದ ರೋಗಿಯು ಪತ್ರಿಕೆ ಓದುತ್ತಾನೆ, ಲೆಕ್ಕ ಬರೆಯುತ್ತಾನೆ, ದೂರದ ಇಂಡಿಕೇಟರನ್ನೂ ನೋಡುತ್ತಾನೆ. ಡೊಂಬಿವಲಿಯ ಪ್ಲಾಟ್‌ಫಾರಂನಲ್ಲಿ ಮತ್ತೆ ಮತ್ತೆ ಯಾರದೋ ಭುಜ ತಾಗಿದರೆ ಜನಸಂದಣಿಯನ್ನು ದೂರುತ್ತಾನೆಯೇ ಹೊರತು ಕಣ್ಣನ್ನು ಶಂಕಿಸುವುದಿಲ್ಲ. ಅಂಗಡಿಯ ಅಕ್ಷರಫಲಕದ ಪರೀಕ್ಷೆಯಲ್ಲಿಯೂ ಅವನು ತೇರ್ಗಡೆಯಾಗುತ್ತಾನೆ. ಒಮ್ಮೆ ಸವೆದ ನರವನ್ನು ಯಾವ ವೈದ್ಯನೂ ಮರಳಿ ಕೊಡಲಾರ. ಉಳಿದುದನ್ನು ಹನಿ ಔಷಧ, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಕಾಪಾಡಬಹುದಷ್ಟೆ. ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಈ ರೋಗವಿದ್ದರೆ ತನಗೂ ಬರುವ ಸಂಭವ ಹಲವು ಪಟ್ಟು ಹೆಚ್ಚು. ಊರಿನಲ್ಲಿರುವ ತಂದೆಗೆ “ವಯಸ್ಸಿನ ಮಬ್ಬು” ಎಂದುಕೊಂಡು ಸುಮ್ಮನಿರುವ ಮಗ, ಮೇ ತಿಂಗಳ ರಜೆಯಲ್ಲಿ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದರೆ ತಂದೆಯ ಕಣ್ಣಿನೊಡನೆ ತನ್ನ ಕಣ್ಣಿನ ಭವಿಷ್ಯವನ್ನೂ ತಿಳಿಯಬಹುದು.

ಸಿಹಿಮೂತ್ರ ರೋಗವೂ ಇದೇ ಬಗೆಯ ಮೌನಶತ್ರು. ರಕ್ತದ ಸಕ್ಕರೆ ಬಹುಕಾಲ ಏರಿದ್ದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಹಾಳಾಗಿ ಸೋರತೊಡಗುತ್ತವೆ. ಮಬ್ಬು ಕಾಣುವ ಹೊತ್ತಿಗೆ ಹಾನಿ ಮುಂದುವರಿದಿರುತ್ತದೆ. ವಯಸ್ಕರಲ್ಲಿ ಸಿಹಿಮೂತ್ರ ಪತ್ತೆಯಾದ ವರ್ಷದಿಂದಲೇ, ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಅವಶ್ಯ. ಸಕ್ಕರೆ ಮತ್ತು ರಕ್ತದೊತ್ತಡಗಳ ಹತೋಟಿಯೇ ಮೊದಲ ಚಿಕಿತ್ಸೆ.

ತಪಾಸಣೆ ಎಂದರೇನು?

ನಲವತ್ತರ ಸುಮಾರಿಗೆ ಬರುವ ಚಾಳೀಸು ಎಲ್ಲರಿಗೂ ಪರಿಚಿತ. ಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿಯಬೇಕಾದಾಗ ಕನ್ನಡಕದ ನೆನಪಾಗುತ್ತದೆ. ಅದು ರೋಗವಲ್ಲ, ವಯಸ್ಸಿನ ಧರ್ಮ. ಆದರೆ ಚಾಳೀಸು ಬಂದ ದಿನವನ್ನೇ ಮೊದಲ ಪೂರ್ಣ ತಪಾಸಣೆಯ ದಿನವನ್ನಾಗಿ ಮಾಡಿಕೊಳ್ಳುವುದು ವಿವೇಕ.

ಪೂರ್ಣ ತಪಾಸಣೆಯಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ. ಮೊದಲನೆಯದು ಅಕ್ಷರಫಲಕದಿಂದ ಒಂದೊಂದೇ ಕಣ್ಣಿನ ಪರೀಕ್ಷೆ. ಸಾಧಾರಣ ಕಣ್ಣು 12 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು 6 ಮೀಟರಿನಲ್ಲಿ ಮಾತ್ರ ಓದಬಲ್ಲ ಕಣ್ಣಿನ ದೃಷ್ಟಿಯನ್ನು 6/12 ಎಂದು ಬರೆಯುತ್ತಾರೆ. ಎರಡನೆಯದು ದೀಪಯಂತ್ರದಿಂದ ಕಣ್ಣಿನ ಮುಂಭಾಗದ ವೀಕ್ಷಣೆ. ಮೂರನೆಯದು ಒತ್ತಡದ ಅಳತೆ. ನಾಲ್ಕನೆಯದು ಹನಿ ಹಾಕಿ ಪಾಪೆಯನ್ನು ಅಗಲಿಸಿ ಅಕ್ಷಿಪಟಲವನ್ನೂ ನರವನ್ನೂ ನೋಡುವುದು. ಕನ್ನಡಕದ ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲನೆಯದಷ್ಟೇ ನಡೆಯುತ್ತದೆ. ಮೌನರೋಗಗಳು ಸಿಕ್ಕಿಬೀಳುವುದು ಕೊನೆಯ ಎರಡರಲ್ಲಿ. ಪಾಪೆ ಅಗಲಿಸಿದ ಬಳಿಕ ಕೆಲವು ಗಂಟೆಗಳ ಕಾಲ ಓದಲಾಗದು, ವಾಹನ ನಡೆಸಬಾರದು. ಆದ್ದರಿಂದ ರಜೆಯ ದಿನವನ್ನು ಆರಿಸಿಕೊಂಡು, ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಸಾಮಾನ್ಯ ಆರೋಗ್ಯವುಳ್ಳವರು 40ರ ನಂತರ ಎರಡು ವರ್ಷಕ್ಕೊಮ್ಮೆ, 60 ದಾಟಿದವರು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಸಿಹಿಮೂತ್ರ ಅಥವಾ ಮನೆತನದಲ್ಲಿ ಗ್ಲಾಕೋಮಾ ಇರುವವರು ವೈದ್ಯರು ಹೇಳಿದ ಅವಧಿಯನ್ನು ತಪ್ಪಿಸಬಾರದು. ಮಕ್ಕಳನ್ನು ಶಾಲೆಗೆ ಸೇರಿಸುವ ಮುನ್ನ ಒಮ್ಮೆ, ಆಮೇಲೆ ಪ್ರತಿವರ್ಷ ತೋರಿಸಬೇಕು. ಒಂದು ಕಣ್ಣು ಮಂದವಾಗಿದ್ದರೆ ಮಗುವಿಗೆ ಅದು ತಿಳಿಯದು; ಇನ್ನೊಂದರಿಂದ ಎಲ್ಲವನ್ನೂ ನಿಭಾಯಿಸುತ್ತದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ದೊರೆತರೆ ಆ ಕಣ್ಣು ಬಹುಮಟ್ಟಿಗೆ ಸುಧಾರಿಸುತ್ತದೆ. ತಡವಾದಷ್ಟೂ ಫಲ ಕಡಿಮೆ. ಮೆಳ್ಳೆಗಣ್ಣು ಅದೃಷ್ಟದ ಕುರುಹೆಂದು ನಂಬಿ ಕಾಲಹರಣ ಮಾಡುವುದು ಮಗುವಿಗೆ ಬಗೆಯುವ ಅನ್ಯಾಯ.

ನಿತ್ಯದ ಎಚ್ಚರ

ಮೊಬೈಲು, ಗಣಕಯಂತ್ರಗಳನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿಗೂ ಆಚೆಯ ವಸ್ತುವನ್ನು 20 ಸೆಕೆಂಡು ನೋಡುವುದು ಸುಲಭವಾದ ಉಪಾಯ. ಕುಲುಕುವ ಗಾಡಿಯಲ್ಲಿ ಓದುವುದರಿಂದ ದಣಿವು ಉಂಟಾಗುತ್ತದೆ, ಶಾಶ್ವತ ಹಾನಿಯಾಗದು. ಆದರೂ ಮುಂಬ್ರಾ ದಾಟುವಾಗ ಪಾರ್ಸಿಕ್ ಗುಡ್ಡವನ್ನೂ ಖಾಡಿಯನ್ನೂ ನೋಡಿದರೆ ಕಣ್ಣಿಗೆ ವಿಶ್ರಾಂತಿ. ಮಕ್ಕಳು ದಿನಕ್ಕೆ ಎರಡು ಗಂಟೆಯಾದರೂ ಹೊರಗಿನ ಬೆಳಕಿನಲ್ಲಿ ಆಡಿದರೆ ಸಮೀಪದೃಷ್ಟಿ ದೋಷ ಬರುವ ಸಂಭವ ತಗ್ಗುತ್ತದೆ. ಇಕ್ಕಟ್ಟಾದ ವಸತಿಗಳಲ್ಲಿ ವಾಸಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಗಜ್ಜರಿ, ಮೊಟ್ಟೆ, ಮೀನುಗಳು ಕಣ್ಣಿಗೆ ಪೋಷಕ. ಆದರೆ ಗಜ್ಜರಿ ತಿಂದು ಕನ್ನಡಕ ಬಿಟ್ಟವರಿಲ್ಲ. ತಂಬಾಕು ಪೊರೆಯನ್ನೂ ಅಕ್ಷಿಪಟಲದ ಸವೆತವನ್ನೂ ಬೇಗ ತರುತ್ತದೆ. ಥಾಣೆ–ಬೇಲಾಪುರ ರಸ್ತೆಯ ಹಾಗೂ ಡೊಂಬಿವಲಿಯ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರು ರಕ್ಷಣಾ ಕನ್ನಡಕವನ್ನು ಕಿಸೆಯಲ್ಲಿಡದೆ ಕಣ್ಣಿಗೆ ಧರಿಸಬೇಕು. ಆಮ್ಲ, ಕ್ಷಾರ ಅಥವಾ ಸುಣ್ಣ ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ಬಿಡದೆ ತೊಳೆಯಬೇಕು.

ಮಳೆಗಾಲದಲ್ಲಿ ಕಣ್ಣುಬೇನೆ ಹರಡುತ್ತದೆ; 2023ರಲ್ಲಿ ಮಹಾರಾಷ್ಟ್ರದಾದ್ಯಂತ ಹಬ್ಬಿದುದು ಎಲ್ಲರ ನೆನಪಿನಲ್ಲಿದೆ. ಪ್ರತ್ಯೇಕ ಟವಲು, ಆಗಾಗ ಕೈ ತೊಳೆಯುವುದು, ಕಣ್ಣು ಉಜ್ಜದಿರುವುದು—ಇವೇ ರಕ್ಷಣೆ. ಜೇನು, ಎದೆಹಾಲು, ಹರಳೆಣ್ಣೆಗಳನ್ನು ಕಣ್ಣಿಗೆ ಹಾಕಬಾರದು. ಹಳೆಯ ಚೀಟಿ ತೋರಿಸಿ ಸ್ಟಿರಾಯ್ಡ್ ಹನಿಗಳನ್ನು ತಂದು ಹಾಕಿಕೊಳ್ಳುವುದು ಇನ್ನೂ ಅಪಾಯಕರ. ಅವು ಬೇಗ ಹಾಯೆನಿಸಿದರೂ ದೀರ್ಘಕಾಲ ಬಳಸಿದರೆ ಒತ್ತಡವನ್ನೂ ಪೊರೆಯನ್ನೂ ತರಬಲ್ಲವು.

ಹಠಾತ್ತನೆ ದೃಷ್ಟಿ ಕುಂದುವುದು, ಮಿಂಚು ಹೊಳೆದಂತಾಗಿ ಕಪ್ಪು ಚುಕ್ಕೆಗಳು ತೇಲುವುದು, ಪರದೆ ಇಳಿದಂತಾಗುವುದು, ತೀವ್ರ ನೋವಿನೊಡನೆ ಕಣ್ಣು ಕೆಂಪಾಗಿ ದೀಪದ ಸುತ್ತ ಬಣ್ಣದ ಬಳೆಗಳು ಕಾಣುವುದು—ಇವುಗಳಲ್ಲಿ ಯಾವುದಾದರೂ ಕಂಡರೆ ಭಾನುವಾರದವರೆಗೆ ಕಾಯದೆ ಅದೇ ದಿನ ವೈದ್ಯರನ್ನು ಕಾಣಬೇಕು.

ಸಂಘ ಸಂಸ್ಥೆಗಳು ಉಚಿತ ನೇತ್ರ ಶಿಬಿರಗಳನ್ನು ನಡೆಸುವುದು ಸ್ತುತ್ಯವೇ. ಆದರೆ ಶಿಬಿರವು ಬಾಗಿಲು ಮಾತ್ರ. “ಹೆಚ್ಚಿನ ಪರೀಕ್ಷೆ ಅಗತ್ಯ” ಎಂದು ಬರೆದ ಚೀಟಿ ಮನೆಯ ಕಪಾಟಿನಲ್ಲಿ ಉಳಿದರೆ ಶಿಬಿರದ ಶ್ರಮ ವ್ಯರ್ಥ. ಆ ಚೀಟಿಯನ್ನು ಹಿಡಿದು ವೈದ್ಯರಲ್ಲಿಗೆ ಹೋಗುವ ಹೊಣೆ ಅವರವರದೇ. ಮೋಟರ್‌ಮನ್ನನಿಗೆ ರೈಲ್ವೆ ವಿಧಿಸುವ ನಿಯಮವನ್ನು ಪ್ರಯಾಣಿಕನು ತನಗೆ ತಾನೇ ವಿಧಿಸಿಕೊಳ್ಳಬೇಕು. ಎರಡು ವರ್ಷಕ್ಕೆ ಅರ್ಧ ದಿನವನ್ನು ಕಣ್ಣಿಗಾಗಿ ಮೀಸಲಿಡುವುದು ಯಾರಿಗೂ ಭಾರವಾಗಲಾರದು.