ಮುದ್ದಣನ ಕೃತಿಗಳ ಆವೃತ್ತಿ ಸಂಗ್ರಹ

ಮುದ್ದಣನ ಕೃತಿಗಳ ಆವೃತ್ತಿ ಸಂಗ್ರಹ ಎಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) ರಚಿಸಿದ ಗ್ರಂಥಗಳ ಮೊದಲ ಮುದ್ರಣ, ಮರುಮುದ್ರಣ, ಸಟೀಕ ಆವೃತ್ತಿ ಹಾಗೂ ಹೊಸಗನ್ನಡ ಗದ್ಯರೂಪಗಳನ್ನು ಕಲೆಹಾಕಿ, ಅವುಗಳ ಕಾಲವನ್ನು ಗುರುತಿಸಿ ಕಾಪಾಡುವ ಕಾರ್ಯ. ಇದು ಓದುಗರ ಹವ್ಯಾಸವೂ ಹೌದು, ಗ್ರಂಥಾಲಯಗಳ ಕೆಲಸವೂ ಹೌದು. ಅದ್ಭುತ ರಸ ತುಂಬಿದ ರಾಮಕಥೆಗಳನ್ನು ಹಳಗನ್ನಡದಲ್ಲಿ ಹೊಸದಾಗಿ ಹೇಳಿದ ಈ ಕವಿ ತನ್ನ ಪ್ರಮುಖ ಕೃತಿಗಳನ್ನು ನಿಜನಾಮದಲ್ಲಿ ಪ್ರಕಟಿಸಲಿಲ್ಲ. ಆದಕಾರಣ ಈ ಪುಸ್ತಕಗಳ ಶೀರ್ಷಿಕೆಪುಟಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ, ಕೃತಿ ಯಾರದು ಎಂಬ ಪ್ರಶ್ನೆಗೆ ಕನ್ನಡ ಓದುಗರು ಕಂಡುಕೊಂಡ ಉತ್ತರದ ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ.

ಕವಿ ಮತ್ತು ಪರಿಸರ

ನಂದಳಿಕೆಯು ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ಗ್ರಾಮ. ಕಾಪು ತಾಲೂಕಿನ ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬೆಳ್ಮಣ್ಣಿನಿಂದ ಇದು ದೂರವಿಲ್ಲ. ಬಡ ಕುಟುಂಬದಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿ ಮತ್ತು ಕುಂದಾಪುರದ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದನು. ‘ಮುದ್ದಣ’ ಎಂಬುದು ಬಾಲ್ಯದ ಮುದ್ದಿನ ಹೆಸರು. ಕ್ಷಯರೋಗದಿಂದ 1901ರ ಫೆಬ್ರವರಿಯಲ್ಲಿ ನಿಧನ ಹೊಂದಿದಾಗ ಕವಿಗೆ 31 ವರ್ಷ.

ಯಕ್ಷಗಾನ ಪ್ರಸಂಗಗಳಾದ ‘ರತ್ನಾವತೀ ಕಲ್ಯಾಣ’ ಮತ್ತು ‘ಕುಮಾರ ವಿಜಯ’, ಹಳಗನ್ನಡ ಗದ್ಯದ ‘ಅದ್ಭುತ ರಾಮಾಯಣ’, ವಾರ್ಧಕ ಷಟ್ಪದಿಯ ‘ಶ್ರೀರಾಮ ಪಟ್ಟಾಭಿಷೇಕ’ ಹಾಗೂ ಗದ್ಯಕಾವ್ಯ ‘ಶ್ರೀರಾಮಾಶ್ವಮೇಧ’ ಈತನ ಮುಖ್ಯ ರಚನೆಗಳು. ಸಾವಿರ ತಲೆಯ ರಾವಣನನ್ನು ಸೀತೆಯೇ ಉಗ್ರರೂಪ ತಾಳಿ ಸಂಹರಿಸುವ ಕಥೆ ಸಂಸ್ಕೃತದ ಅದ್ಭುತ ರಾಮಾಯಣದ್ದು. ‘ಶ್ರೀರಾಮಾಶ್ವಮೇಧ’ದಲ್ಲಿ ಯಜ್ಞದ ಕುದುರೆಯ ಹಿಂದೆ ಸಾಗುವ ಕಥೆಗೆ ಮುದ್ದಣ ಮತ್ತು ಆತನ ಮಡದಿ ಮನೋರಮೆಯ ಸಲ್ಲಾಪವು ಚೌಕಟ್ಟಾಗಿದೆ. ಕಥೆ ಕೇಳುವ ಮನೋರಮೆ ನಡುನಡುವೆ ತಡೆದು ಪ್ರಶ್ನಿಸುತ್ತಾಳೆ, ಹಾಸ್ಯ ಮಾಡುತ್ತಾಳೆ. ಈ ಸಲ್ಲಾಪದ ಭಾಗಗಳು ಶಾಲಾ ಪಠ್ಯಗಳಲ್ಲಿಯೂ ಸೇರಿದ್ದರಿಂದ ಹಲವು ತಲೆಮಾರುಗಳಿಗೆ ಪರಿಚಿತವಾಗಿವೆ.

ಮೊದಲ ಮುದ್ರಣಗಳು

ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ ಮತ್ತು ಎಸ್. ಜಿ. ನರಸಿಂಹಾಚಾರ್ ಅವರು 1892ರಲ್ಲಿ ‘ಕರ್ಣಾಟಕ ಕಾವ್ಯಮಂಜರಿ’ ಎಂಬ ಮಾಸಿಕ ಮಾಲೆಯನ್ನು ಆರಂಭಿಸಿದರು. ಓಲೆಗರಿಗಳಲ್ಲಿ ಉಳಿದಿದ್ದ ಪ್ರಾಚೀನ ಕಾವ್ಯಗಳನ್ನು ಸಂಪಾದಿಸಿ ಅಚ್ಚು ಮಾಡುವುದು ಇದರ ಉದ್ದೇಶವಾಗಿತ್ತು. ರಾಮಾನುಜಯ್ಯಂಗಾರ್ಯರ ‘ಕರ್ಣಾಟಕ ಕಾವ್ಯಕಲಾನಿಧಿ’ ಅದೇ ಕಾರ್ಯವನ್ನು ಮುಂದುವರಿಸಿತು. ಮುದ್ದಣನು ತನ್ನ ರಚನೆಗಳನ್ನು ಹಳೆಯ ಕಾಲದ ಗ್ರಂಥಗಳೆಂಬಂತೆ ಉಡುಪಿಯಿಂದ ಮೈಸೂರಿಗೆ ಕಳುಹಿಸಿದನು. 1895ರ ಸುಮಾರಿಗೆ ‘ಅದ್ಭುತ ರಾಮಾಯಣ’ವೂ ಅದರ ಬೆನ್ನಿಗೆ ಉಳಿದೆರಡು ಕೃತಿಗಳೂ ಬೆಳಕು ಕಂಡವು. ಮೈಸೂರು ಆಗ ಪ್ರತ್ಯೇಕ ಸಂಸ್ಥಾನ. ಉಡುಪಿ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕವಿ ಒಂದು ಆಡಳಿತದಲ್ಲಿ, ಮುದ್ರಣ ಇನ್ನೊಂದರಲ್ಲಿ ಎಂಬ ಈ ದೂರವೂ ಗುಟ್ಟು ಉಳಿಯಲು ಅನುಕೂಲವಾಗಿದ್ದಿರಬಹುದು. ಮುದ್ದಣನೇ ಲಕ್ಷ್ಮೀನಾರಣಪ್ಪನೆಂಬುದು ಸಾಹಿತ್ಯಲೋಕಕ್ಕೆ ಸ್ಪಷ್ಟವಾದದ್ದು ಕವಿಯ ಮರಣಾನಂತರ.

ಇಂಗ್ಲಿಷ್ ಸಾಹಿತ್ಯದಲ್ಲಿ ಇದಕ್ಕೆ ಹೋಲುವ ಒಂದು ಪ್ರಸಿದ್ಧ ಪ್ರಕರಣವಿದೆ. ಹೊರೇಸ್ ವಾಲ್ಪೋಲ್‌ನ ಅದ್ಭುತ ಕಾದಂಬರಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ 1764ರಲ್ಲಿ ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದವೆಂಬ ಸೋಗಿನಲ್ಲಿ ಹೊರಬಂದಿತು. 1765ರ ಎರಡನೆಯ ಆವೃತ್ತಿಯಲ್ಲಿ ಆತನು ಕರ್ತೃತ್ವವನ್ನು ಒಪ್ಪಿಕೊಂಡನು. ವಾಲ್ಪೋಲ್‌ನಿಗೆ ಮೆಚ್ಚುಗೆ ಬದುಕಿರುವಾಗಲೇ ದೊರೆಯಿತು. ಮುದ್ದಣನಿಗೆ ಆ ಅವಕಾಶ ಒದಗಲಿಲ್ಲ.

ಆವೃತ್ತಿಗಳ ಬಗೆಗಳು

ಸಂಗ್ರಾಹಕರು ಮುದ್ರಣ ಮತ್ತು ಆವೃತ್ತಿಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಅದೇ ಪಾಠವನ್ನು ಮತ್ತೆ ಅಚ್ಚು ಹಾಕಿದರೆ ಮರುಮುದ್ರಣ. ಪಾಠವನ್ನು ಪರಿಷ್ಕರಿಸಿದರೆ, ಪೀಠಿಕೆ ಅಥವಾ ಟಿಪ್ಪಣಿಗಳನ್ನು ಸೇರಿಸಿದರೆ ಹೊಸ ಆವೃತ್ತಿ. ಮುದ್ದಣನ ವಿಷಯದಲ್ಲಿ ನಾಲ್ಕು ಬಗೆಗಳು ಮುಖ್ಯ: ಮಾಸಿಕ ಮಾಲೆಯಲ್ಲಿ ಬಂದ ಮೂಲ ಸಂಚಿಕೆಗಳು ಮತ್ತು ಅವುಗಳನ್ನು ಒಟ್ಟುಗೂಡಿಸಿ ಹೊಲಿದ ಸಂಪುಟಗಳು, ಶಬ್ದಾರ್ಥಸಹಿತ ವಿದ್ಯಾರ್ಥಿ ಆವೃತ್ತಿಗಳು, ವಿದ್ವತ್ಪೀಠಿಕೆಯುಳ್ಳ ಆವೃತ್ತಿಗಳು, ಹೊಸಗನ್ನಡ ರೂಪಗಳು. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಉಳಿಸಿಕೊಳ್ಳಲಾಗಿದೆಯೇ ಅಥವಾ ರ ಮತ್ತು ಳ ಎಂದು ಬದಲಾಯಿಸಲಾಗಿದೆಯೇ ಎಂಬುದು ಪಾಠಭೇದವನ್ನು ಪರಿಶೀಲಿಸುವಾಗ ಗಮನಿಸಬೇಕಾದ ಅಂಶ.

ಯಕ್ಷಗಾನ ಪ್ರಸಂಗಗಳ ಪರಿಸ್ಥಿತಿ ಭಿನ್ನವಾದುದು. ಪ್ರಸಂಗ ಪುಸ್ತಕವು ಭಾಗವತರ ಕೈಯಲ್ಲಿ ರಾತ್ರಿಯಿಡೀ ಬಳಕೆಯಾಗುವ ವಸ್ತು. ಎಣ್ಣೆ, ಬೆವರು, ಮಡಿಕೆಗಳಿಂದ ಸವೆದು ಹರಿಯುವುದರಿಂದ ಅದರ ಹಳೆಯ ಪ್ರತಿಗಳು ಸುಸ್ಥಿತಿಯಲ್ಲಿ ದೊರೆಯುವುದು ಕಷ್ಟ. ಉಳಿದ ಪ್ರತಿಯ ಅಂಚಿನಲ್ಲಿ ರಾಗ, ತಾಳ ಅಥವಾ ಪದ್ಯ ಬಿಡುವ ಗುರುತುಗಳಿದ್ದರೆ ಪ್ರಸಂಗ ರಂಗದಲ್ಲಿ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಅವು ಸಾಕ್ಷ್ಯವಾಗುತ್ತವೆ.

ಕಾಲನಿರ್ಣಯ

ಹಳೆಯ ಕನ್ನಡ ಪುಸ್ತಕಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಷ್ಟೇ ಇರುವುದುಂಟು. ಸಂವತ್ಸರವು ಯುಗಾದಿಯಿಂದ ಆರಂಭವಾಗುವುದರಿಂದ ಎರಡು ಇಸವಿಗಳಿಗೆ ಹರಡಿರುತ್ತದೆ ಮತ್ತು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಉದಾಹರಣೆಗೆ, ಮನ್ಮಥ ಸಂವತ್ಸರವು 1895–96ರಲ್ಲಿಯೂ 1955–56ರಲ್ಲಿಯೂ ಬಂದಿತ್ತು. ಆಗ ಪುಸ್ತಕದ ಇತರ ಗುರುತುಗಳು ನೆರವಾಗುತ್ತವೆ:

• ಬೆಲೆ ಆಣೆ-ಪೈಗಳಲ್ಲಿದ್ದರೆ ಪುಸ್ತಕವು ಸಾಮಾನ್ಯವಾಗಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದ 1957ಕ್ಕಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957–64ರ ಅವಧಿಯದು.
• ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು.
• ‘ಮೈಸೂರು ರಾಜ್ಯ’ ಎಂಬ ಹೆಸರು 1973ರ ನವೆಂಬರ್ 1ಕ್ಕಿಂತ ಮೊದಲಿನ ಕಾಲವನ್ನು ಸೂಚಿಸುತ್ತದೆ.
• ‘ಉಡುಪಿ, ದ.ಕ.’ ಎಂದಿದ್ದರೆ ಉಡುಪಿ ಜಿಲ್ಲೆ ರಚನೆಯಾದ 1997ಕ್ಕಿಂತ ಹಿಂದಿನದೆಂದು ಊಹಿಸಬಹುದು.

ಮೇಲಿನ ಉದಾಹರಣೆಯಲ್ಲಿ ಆಣೆಯ ಬೆಲೆಯೊಂದೇ ಸಾಲದು; ಎರಡೂ ಮನ್ಮಥ ಸಂವತ್ಸರಗಳಲ್ಲಿ ಆಣೆಯೇ ಚಲಾವಣೆಯಲ್ಲಿತ್ತು. ಮುದ್ರಣಾಲಯದ ಹೆಸರು, ಅಚ್ಚುಮೊಳೆಯ ರೂಪ ಮತ್ತು ಪೀಠಿಕೆಯಲ್ಲಿ ಕವಿಯ ಬಗ್ಗೆ ಏನು ಹೇಳಲಾಗಿದೆ ಎಂಬುದನ್ನು ಕೂಡಿಸಿ ನೋಡಬೇಕಾಗುತ್ತದೆ. ಕವಿಯ ನಿಜನಾಮವನ್ನು ಹೇಳುವ ಪೀಠಿಕೆ ಮೊದಲ ಮುದ್ರಣದ್ದಾಗಿರಲಾರದು. ಆದ್ದರಿಂದ ರಟ್ಟು ಬದಲಿಸುವಾಗ ಶೀರ್ಷಿಕೆಪುಟ ಮತ್ತು ಪೀಠಿಕೆಗಳನ್ನು ಕಳೆದುಕೊಂಡ ಪ್ರತಿಯು, ಕಾವ್ಯಭಾಗ ಪೂರ್ಣವಾಗಿದ್ದರೂ, ತನ್ನ ಮುಖ್ಯ ಸಾಕ್ಷ್ಯವನ್ನು ಕಳೆದುಕೊಂಡಂತೆ.

ಕೃತಿಸ್ವಾಮ್ಯ

ಭಾರತದಲ್ಲಿ ಲೇಖಕನ ಮರಣದ ಮರುವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ಮುದ್ದಣನ ಮೂಲ ಪಾಠಗಳು ಈಗ ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಮುದ್ರಿಸಬಹುದು. ಆದರೆ ನಂತರದ ಸಂಪಾದಕರ ಪೀಠಿಕೆ, ಟಿಪ್ಪಣಿ, ಹೊಸಗನ್ನಡ ಅನುವಾದ ಮತ್ತು ಚಿತ್ರಗಳಿಗೆ ಅವರವರ ಹಕ್ಕು ಪ್ರತ್ಯೇಕವಾಗಿ ಇರಬಹುದು.

ಸಂರಕ್ಷಣೆ

ಉಡುಪಿ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಬೂಷ್ಟು ಹಿಡಿಯುವುದು, ಗೆದ್ದಲು ತಿನ್ನುವುದು ಸಾಮಾನ್ಯ. 19ನೆಯ ಶತಮಾನದ ಉತ್ತರಾರ್ಧದಿಂದ ವ್ಯಾಪಕವಾದ ಮರದ ತಿರುಳಿನ ಕಾಗದವು ತನ್ನಲ್ಲಿರುವ ಆಮ್ಲದಿಂದಲೇ ಕಂದಿ ಪುಡಿಯಾಗುತ್ತದೆ. ಪುಸ್ತಕಗಳನ್ನು ಗೋಡೆಗೆ ತಾಗದಂತೆ ಗಾಳಿಯಾಡುವ ಕಪಾಟಿನಲ್ಲಿಡುವುದು, ಬಿಸಿಲಿಗೆ ನೇರವಾಗಿ ಒಡ್ಡದಿರುವುದು, ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚದಿರುವುದು ಮತ್ತು ಶಿಥಿಲವಾದ ಪ್ರತಿಯನ್ನು ರಟ್ಟು, ಖಾಲಿ ಪುಟಗಳೂ ಸೇರಿದಂತೆ ಸ್ಕ್ಯಾನ್ ಮಾಡಿಡುವುದು ಸರಳವಾದ ಕ್ರಮಗಳು.

ಸಂಸ್ಥೆಗಳು ಮತ್ತು ಸ್ಮರಣೆ

ಮಣಿಪಾಲದ ಟಿ. ಎಂ. ಎ. ಪೈ ಅವರ ಮುಂದಾಳುತನದಲ್ಲಿ 1949ರಲ್ಲಿ ಆರಂಭವಾದ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಮಂಜೇಶ್ವರದ ಗೋವಿಂದ ಪೈ (1883–1963) ಅವರ ಗ್ರಂಥಸಂಗ್ರಹವು ಈ ಕಾಲೇಜಿಗೆ ಸೇರಿತು. ವ್ಯಕ್ತಿಯೊಬ್ಬರು ಕೂಡಿಸಿದ ಪುಸ್ತಕಗಳು ಚದುರಿಹೋಗದೆ ಮುಂದಿನ ಸಂಶೋಧಕರಿಗೆ ಒದಗಿದ್ದಕ್ಕೆ ಇದು ಈ ಪ್ರದೇಶದ ಉತ್ತಮ ನಿದರ್ಶನ. ಕಾರ್ಕಳದ ಸಮೀಪದ ಕಾಂತಾವರ ಕನ್ನಡ ಸಂಘವು ಅಪ್ರಕಟಿತ ಕವನ ಸಂಕಲನದ ಹಸ್ತಪ್ರತಿಗೆ ‘ಮುದ್ದಣ ಕಾವ್ಯ ಪ್ರಶಸ್ತಿ’ಯನ್ನು ನೀಡುತ್ತಿದೆ. ಭಾರತೀಯ ಅಂಚೆ ಇಲಾಖೆಯು 2017ರಲ್ಲಿ ಮುದ್ದಣನ ಅಂಚೆಚೀಟಿಯನ್ನು ಹೊರತಂದಿತು.