ಪಿಲಾ ಹೌಸ್ ಅಂದ್ರೆ ಹಳದಿ ಮನೆ ಅಲ್ಲ

ಮುಂಬೈಯಲ್ಲಿರೋರು ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ‘ಪಿಲಾ ಹೌಸ್’ ಅಂತ ಕೇಳಿ ನೋಡಿ, ಯಾರಾದ್ರೂ ದಾರಿ ತೋರಿಸ್ತಾರೆ. ಹಿಂದಿಯ ಪೀಲಾಗೂ ಇದಕ್ಕೂ ಸಂಬಂಧ ಇಲ್ಲ. ಇದು ‘ಪ್ಲೇ ಹೌಸ್’. ಜನರ ಬಾಯಲ್ಲಿ ಸವೆದು ಹೀಗಾಗಿದೆ. 19ನೇ ಶತಮಾನದಲ್ಲಿ ಪಾರ್ಸಿ ನಾಟಕ ಕಂಪನಿಗಳು ಆಡುತ್ತಿದ್ದ ಜಾಗ ಇದು. ಪಕ್ಕದ ಕಾಮಾಠಿಪುರದ ಹೆಸರು ಬಂದದ್ದು ತೆಲುಗು ನಾಡಿನಿಂದ ಬಂದ ಕಾಮಾಠಿ ಕೂಲಿಗಳಿಂದ. ಹೈದರಾಬಾದಿನ ಗೆಳೆಯರು ಗಮನಿಸಿ.

ಸಿನಿಮಾ ಮುಂಬೈಗೆ ಬಂದದ್ದು 1896ರ ಜುಲೈ 7ರಂದು, ವಾಟ್ಸನ್ಸ್ ಹೋಟೆಲಿಗೆ. ಟಿಕೆಟ್ 1 ರೂಪಾಯಿ. ಕೂಲಿಯವನಿಗೆ ಅದು ಆಗದ ಮಾತು. ಒಂದೇ ವಾರದಲ್ಲಿ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಬಂತು, ಅಲ್ಲಿ ಅಗ್ಗದ ಸೀಟಿಗೆ 4 ಆಣೆ. ನನ್ನ ಲೆಕ್ಕದಲ್ಲಿ ನಮ್ಮ ಸಿನಿಮಾ ಹುಟ್ಟಿದ್ದು ಆ 4 ಆಣೆ ಸೀಟಿನಲ್ಲಿ.

ಆಮೇಲೆ ಪಿಲಾ ಹೌಸಿನ ನಾಟಕಶಾಲೆಗಳು ಒಂದೊಂದಾಗಿ ಪರದೆ ಕಟ್ಟಿಕೊಂಡವು. ರಿಪನ್ ಎಂಬ ನಾಟಕಶಾಲೆಯೇ ಮುಂದೆ ಆಲ್ಫ್ರೆಡ್ ಟಾಕೀಸ್ ಆಯ್ತು. ಕೊಂಕಣ, ಘಟ್ಟ, ತೆಲಂಗಾಣ, ಉತ್ತರ ಭಾರತದಿಂದ ಬಂದ ದುಡಿಮೆಯವರು ಒಂದೇ ಖೋಲಿಯಲ್ಲಿ ಪಾಳಿ ಹಾಕಿ ಮಲಗ್ತಿದ್ದ ಊರು ಇದು. ರಾತ್ರಿ ಪಾಳಿಯವನು ಬೆಳಿಗ್ಗೆ ಬರುವಾಗ ಹಗಲು ಪಾಳಿಯವನು ಚಾಪೆ ಬಿಡಬೇಕು. ಪಿಜಿಯಲ್ಲಿ ಮೂವರ ಜೊತೆ ರೂಮ್ ಹಂಚಿಕೊಂಡವರಿಗೆ ಇದು ಅರ್ಥ ಆಗುತ್ತೆ. ಅಂಥವನಿಗೆ ಎರಡು ಮೂರು ಗಂಟೆ ಯಾರೂ ಎಬ್ಬಿಸದೆ ಕೂರೋ ಜಾಗ ಅಂದ್ರೆ ಟಾಕೀಸು.

ಇನ್ನೊಂದು ವಿಷಯ, ಮೂಕಿ ಚಿತ್ರಕ್ಕೆ ಭಾಷೆ ಇರಲಿಲ್ಲ. ಪರದೆ ಮೇಲಿನ ಬರಹವನ್ನು ಓದು ಬಂದವರು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳೋರು. ಯಾವ ಊರಿನವನಾದ್ರೂ ಕೂರಬಹುದಿತ್ತು. 1931ರ ಮಾರ್ಚ್ 14ರಂದು ಗಿರಗಾಂವಿನ ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ಮಾತಾಡಿದ ಮೇಲೆ ಹಾಡು ಸಿಕ್ತು, ಜೊತೆಗೆ ಪ್ರೇಕ್ಷಕರು ಭಾಷೆವಾರು ಹಂಚಿಹೋಗೋಕೆ ಶುರುವಾಯ್ತು. ಲಾಲ್‌ಬಾಗ್‌ನ ಭಾರತಮಾತಾ ಮರಾಠಿ ಚಿತ್ರಗಳ ಮನೆಯಾದದ್ದು ಹೀಗೇ. ಗಿರಣಿ ಕೆಲಸಗಾರರ ಬೀದಿ ಅದು.

1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದ ಗಿರಣಿ ಮುಷ್ಕರ ಶುರುವಾಯ್ತು. ಲಕ್ಷಾಂತರ ಜನ ಕೆಲಸ ಕಳಕೊಂಡರು, ಅಗ್ಗದ ಸೀಟಿನ ಗಿರಾಕಿಯೂ ಕರಗಿದ. ಉಳಿದ ಪಿಲಾ ಹೌಸ್ ಟಾಕೀಸುಗಳು ಹಳೇ ಹಿಂದಿ ಆಕ್ಷನ್, ಭೋಜಪುರಿ ಚಿತ್ರ ಹಾಕಿ ಹೊಸ ವಲಸಿಗರನ್ನ ಕೂರಿಸಿಕೊಂಡವು. ಆಲ್ಫ್ರೆಡ್ ಹೊರಗೆ ಈಚಿನವರೆಗೂ ಕೈಯಲ್ಲಿ ಬರೆದ ಪೋಸ್ಟರ್ ಇರ್ತಿತ್ತು. ಗಿರಣಿ ಇದ್ದ ಲೋವರ್ ಪರೇಲ್‌ನಲ್ಲಿ ಈಗ ಮಾಲ್ ಮತ್ತು ನಮ್ಮಂಥವರ ಆಫೀಸು. ಅಲ್ಲಿನ ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನ್ ಬೆಲೆ ನೋಡಿದಾಗೆಲ್ಲ ನನಗೆ ಆ 4 ಆಣೆ ಸೀಟು ನೆನಪಾಗುತ್ತೆ.